ಡೈ ಯಾಕೆ ಹಚ್ಚಲ್ಲ ಅಂತ ಕೇಳುವವರಿಗೆ

ಮದುವೆ ಮನೆಯಲ್ಲಿ ಕೇಳಿದ್ದಾರೆ, ಲಿಫ್ಟಿನಲ್ಲಿ ಕೇಳಿದ್ದಾರೆ, ಸೊಪ್ಪಿನ ಗಾಡಿ ಮುಂದೆ ಕೇಳಿದ್ದಾರೆ. ಒಮ್ಮೆ ಸಾವಿನ ಮನೆಯಲ್ಲೂ ಕೇಳಿದ್ದಾರೆ, ಹೆಣ ಇನ್ನೂ ಹೊರಟಿರಲಿಲ್ಲ. "ಯಾಕ್ರೀ, ತಲೆಗೆ ಡೈ ಹಚ್ಚಲ್ವಾ ನೀವು?"

ನನಗೆ ನಲವತ್ತಾರು. ತಲೆ ಮುಕ್ಕಾಲು ಭಾಗ ಬೆಳ್ಳಗಾಗಿದೆ. ಉತ್ತರ ಬಹಳ ಚಿಕ್ಕದು: ಅಲರ್ಜಿ. ಡೈ ಸೋಕಿದರೆ ಮುಖ ಊದಿಕೊಳ್ಳುತ್ತದೆ. ಅಲ್ಲಿಗೆ ಮಾತು ಮುಗಿಯಬೇಕು, ಅಲ್ವಾ? ಮುಗಿಯಲ್ಲ.

ಕೆಲವರು "ಬೇಜಾರು ಮಾಡ್ಕೋಬೇಡಿ" ಅಂತ ಶುರು ಮಾಡುತ್ತಾರೆ. ಬೇಜಾರು ಆಗುತ್ತೆ ಅಂತ ಗೊತ್ತಿದ್ದರೆ ಕೇಳೋದು ಯಾಕೋ. ಕೆಲವರು, "ಮುಖಕ್ಕೆ ವಯಸ್ಸೇ ಆಗಿಲ್ಲ ನಿಮಗೆ, ತಲೆಗೆ ಮಾತ್ರ ಆಗಿದೆ" ಅಂತ ಹೊಗಳುತ್ತಲೇ ಚುಚ್ಚುತ್ತಾರೆ. ಇನ್ನು ಕೆಲವರದು, "ನಿಮ್ಮ ಯಜಮಾನ್ರು ಏನೂ ಅನ್ನಲ್ವಾ?" ನಮ್ಮ ಯಜಮಾನರ ತಲೆಯಲ್ಲಿ ಡೈ ಹಚ್ಚುವುದಕ್ಕೆ ಕೂದಲೇ ಉಳಿದಿಲ್ಲ. ಅವರೇನು ಅಂತಾರೆ?

ಅಲರ್ಜಿ ಅಂದ ಕೂಡಲೇ ಎದುರಿಗಿದ್ದವರು ಡಾಕ್ಟರಾಗುತ್ತಾರೆ. "ಅಮೋನಿಯಾ ಇಲ್ಲದ್ದು ಹಚ್ಚಿ." ರೀ, ನನ್ನ ತಕರಾರು ಅಮೋನಿಯಾ ಮೇಲಲ್ಲ. ಬಣ್ಣ ಒಳಗೆ ಇಳಿಯಲಿ ಅಂತ ಕೂದಲಿನ ಹೊರಪದರವನ್ನು ಉಬ್ಬಿಸುವುದು ಅದರ ಕೆಲಸ. ನನಗೆ ಆಗದಿರುವುದು ಪಿಪಿಡಿ. ಪೂರ್ತಿ ಹೆಸರು ಪ್ಯಾರಾ ಫಿನೈಲೀನ್ ಡೈಅಮೀನ್. ಗಾಢ ಬಣ್ಣದ ಡೈಗಳಲ್ಲಿ ಕಪ್ಪು ಬರಿಸುವುದು ಹೆಚ್ಚಾಗಿ ಇದೇ. ಅಮೋನಿಯಾ ತೆಗೆದ ಡಬ್ಬಿಯಲ್ಲೂ ಇದು ಇರಬಹುದು. "ಹಾಗಾದ್ರೆ ಕಪ್ಪು ಮೆಹೆಂದಿ?" ಅದರಲ್ಲೂ ಹೆಚ್ಚಾಗಿ ಇರುತ್ತದೆ. ಮೆಹೆಂದಿ ಸೊಪ್ಪಿಗೆ ತಾನಾಗೇ ಕಪ್ಪು ಬಣ್ಣ ಕೊಡೋಕೆ ಬರಲ್ಲ. ಅದು ಕೊಡುವುದು ಕಿತ್ತಳೆ ಕೆಂಪು. ಹಚ್ಚಿದ ಸ್ವಲ್ಪ ಹೊತ್ತಿಗೇ ಕಪ್ಪಾಯಿತು ಅಂದರೆ ಪೊಟ್ಟಣದೊಳಗೆ ಇನ್ನೇನೋ ಸೇರಿದೆ ಅಂತಲೇ ಲೆಕ್ಕ. ಬರೀ ಸೊಪ್ಪಿನ ಮೆಹೆಂದಿ ನನಗೆ ಆಗಿಬರುತ್ತದೆ. ಆದರೆ ಮೂರು ಗಂಟೆ ಒದ್ದೆ ತಲೆಯಲ್ಲಿ ಕೂತು, ನೆಗಡಿ ಬರಿಸಿಕೊಂಡು, ಕೊನೆಗೆ ಕಿತ್ತಳೆ ತಲೆ ಹೊತ್ತು ತಿರುಗುವ ಆಸೆ ನನಗಿಲ್ಲ.

ಅಂದಹಾಗೆ ಇದು ಅಂತಿಂಥ ಅಲರ್ಜಿಯಲ್ಲ. ಏನಾದರೂ ಸೋಕಿ ಚರ್ಮಕ್ಕೆ ಬರುವ ತೊಂದರೆಗಳನ್ನು ನೋಡುವ ಅಮೆರಿಕದ ಕಾಂಟ್ಯಾಕ್ಟ್ ಡರ್ಮಟೈಟಿಸ್ ಸೊಸೈಟಿಯವರು 2006ರಲ್ಲಿ ಪಿಪಿಡಿಗೆ 'ವರ್ಷದ ಅಲರ್ಜನ್', ಅಂದರೆ ವರ್ಷದ ಅಲರ್ಜಿಕಾರಕ, ಅನ್ನುವ ಪಟ್ಟ ಕೊಟ್ಟಿದ್ದಾರೆ. ನಮ್ಮ ಮನೆಗೆ ಬಂದ ಒಂದೇ ಅಂತರರಾಷ್ಟ್ರೀಯ ಪ್ರಶಸ್ತಿ ಅದು.

ನನಗೆ ಅದು ಸಿಕ್ಕಿದ್ದು ತಮ್ಮನ ಮದುವೆಯಲ್ಲಿ. ಮನೆಗೇ ಬಂದ ಪಾರ್ಲರ್ ಹುಡುಗಿ ಮದುವೆಗೆ ಎರಡು ದಿನ ಮೊದಲು ನನ್ನ ತಲೆಗೆ ಕಪ್ಪು ಮೆಹೆಂದಿ ಹಚ್ಚಿ ಹೋದಳು. ಧಾರೆಯ ಬೆಳಿಗ್ಗೆ ಕಣ್ಣು ತೆರೆಯಲು ಆಗಲಿಲ್ಲ. ಹಣೆ ಊದಿ ಹುಬ್ಬಿನ ಮೇಲೆ ಜೋತುಬಿದ್ದಿತ್ತು. ಇಡೀ ಆಲ್ಬಮ್ಮಿನಲ್ಲಿ ನಾನು ರೇಷ್ಮೆ ಸೀರೆ ಉಟ್ಟು ಕಪ್ಪು ಕನ್ನಡಕ ಹಾಕಿಕೊಂಡಿದ್ದೇನೆ. ಹೊಸ ಬೀಗರು ನನಗೆ ಕಣ್ಣಿನ ಆಪರೇಷನ್ ಆಗಿದೆ ಅಂದುಕೊಂಡಿದ್ದರು. ನಾವೂ ಹೌದು ಅಂದುಬಿಟ್ಟೆವು.

ಇಷ್ಟೆಲ್ಲ ಆದಮೇಲೂ ಸಲೂನಿಗೆ ಯಾಕೆ ಹೋದೆ ಅಂತ ಕೇಳಬೇಡಿ. ಸಲೂನಿನಲ್ಲಿ ಬಣ್ಣ ಬಿಟ್ಟು ಬೇರೆಯೂ ಇದೆ.

ಮಗಳ ಪಿಯುಸಿ ಪರೀಕ್ಷೆ ಮುಗಿದಿತ್ತು. ಪರೀಕ್ಷೆ ಬರೆದವಳು ಅವಳು, ನಿದ್ದೆಗೆಟ್ಟವಳು ನಾನು. ಅವಳು ಗೆಳತಿಯರ ಜೊತೆ ಸಿನಿಮಾಕ್ಕೆ ಹೋದಳು, ನಾನು ಕುವೆಂಪುನಗರದ ಒಂದು ಎಸಿ ಸಲೂನಿಗೆ ಹೋದೆ. ನಮ್ಮ ಬೀದಿ ಪಾರ್ಲರಿನಲ್ಲಿ ಐಬ್ರೋ ಮಾಡಿಸಿ ಓಡಿ ಬರುವವಳಿಗೆ ಅದು ದೊಡ್ಡ ಜಾಗ. ಹೇರ್ ಸ್ಪಾ, ಜೊತೆಗೆ ತಲೆ ಮಸಾಜು. ಯಾರೋ ನನ್ನ ತಲೆ ಒತ್ತಬೇಕು, ಒಂದು ಗಂಟೆ ಯಾರೂ "ಅಮ್ಮಾ" ಅನ್ನಬಾರದು. ನನಗೆ ಬೇಕಾಗಿದ್ದು ಅಷ್ಟೇ.

ಒಳಗೆ ಹೋದ ಕೂಡಲೇ ಮೊಬೈಲ್ ನಂಬರು, ಹುಟ್ಟಿದ ದಿನ, ಮದುವೆ ಆದ ದಿನ ಬರೆದುಕೊಂಡರು. ಕುರ್ಚಿಯಲ್ಲಿ ಕೂರಿಸಿದರು. ಹುಡುಗ ಒಂದು ಹಿಡಿ ಕೂದಲೆತ್ತಿ ಲೈಟಿಗೆ ಹಿಡಿದ. ಕನ್ನಡಿಯಲ್ಲೇ ನನ್ನನ್ನು ನೋಡಿ ತಲೆ ಅಲ್ಲಾಡಿಸಿದ. ರಿಪೋರ್ಟು ಚೆನ್ನಾಗಿಲ್ಲ ಅಂತ ಹೇಳೋ ಮುಂಚೆ ಡಾಕ್ಟರು ಅಲ್ಲಾಡಿಸುತ್ತಾರಲ್ಲ, ಹಾಗೆ.

"ಮ್ಯಾಮ್, ಗ್ರೇ ತುಂಬಾ ಇದೆ. ಗ್ಲೋಬಲ್, ಅಂದ್ರೆ ಇಡೀ ತಲೆಗೆ ಕಲರ್ ಮಾಡಿಸ್ತೀರಾ, ಬರೀ ರೂಟ್ ಟಚ್‌ಅಪ್ಪಾ?"

"ಎರಡೂ ಬೇಡಪ್ಪ. ನಂಗೆ ಅಲರ್ಜಿ."

ಅವನು ಕೌಂಟರಿನ ಕಡೆ ತಿರುಗಿ ಕೂಗಿದ. "ಅಣ್ಣಾ, ಈ ಮೇಡಂಗೆ ಅಲರ್ಜಿ ಅಂತೆ! ಏನ್ ಮಾಡ್ಲಿ?"

ಅಷ್ಟೂ ಕುರ್ಚಿಗಳು ತಿರುಗಿದವು. ಎಡಗಡೆ ಪೆಡಿಕ್ಯೂರ್ ಮಾಡಿಸಿಕೊಳ್ಳುತ್ತಿದ್ದ ಹುಡುಗಿ ತನ್ನ ಟವೆಲ್ಲನ್ನು ಮೆಲ್ಲಗೆ ಅತ್ತ ಎಳೆದುಕೊಂಡಳು. "ಅಂಟೋದಲ್ಲಮ್ಮ" ಅಂದೆ. ನಂಬಿದ ಹಾಗೆ ಕಾಣಲಿಲ್ಲ. ಮ್ಯಾನೇಜರು ಬಂದು, ತಮ್ಮದು ಫಾರಿನ್ ಪ್ರಾಡಕ್ಟು, ಅಲರ್ಜಿ ಆಗೋ ಚಾನ್ಸೇ ಇಲ್ಲ ಅಂತ ಕ್ಯಾಟಲಾಗ್ ಬಿಡಿಸಿದರು. ನಾನು ಮಸಾಜಿಗೆ ದುಡ್ಡು ಕೊಟ್ಟು ನನ್ನ ಚರ್ಮದ ಪರವಾಗಿ ವಾದ ಮಾಡುತ್ತಾ ಕೂತಿದ್ದೆ.

ಕೊನೆಗೂ ತಲೆ ತೊಳೆಯೋಕೆ ಕರೆದೊಯ್ದರು. ಕತ್ತು ಬೇಸಿನ್ನಿನ ಮೇಲೆ, ಮುಖ ಸೂರಿನ ಕಡೆಗೆ. ಕಿವಿಗೆ ನೀರು ಇಳಿಯುತ್ತಿತ್ತು. ಆಗ ಪಕ್ಕದ ಕುರ್ಚಿಯಿಂದ ಒಂದು ದನಿ.

"ಯಾರು, ನೀನೇನೇ?"

ನಮ್ಮ ಬೀದಿಯ ಆಂಟಿ! ಈ ಪ್ರಶ್ನೆಯನ್ನು ನನಗೆ ಎಲ್ಲರಿಗಿಂತ ಜಾಸ್ತಿ ಸಲ ಕೇಳಿದವರು. ಅರವತ್ತೈದು ದಾಟಿದ್ದರೂ ಕಾಡಿಗೆ ಕಪ್ಪು ಕೂದಲು. "ನಮ್ಮ ವಂಶದಲ್ಲೇ ಬಿಳಿ ಕೂದಲಿಲ್ಲ ಕಣೆ, ಕೊಬ್ಬರಿ ಎಣ್ಣೆ ಅಷ್ಟೇ" ಅನ್ನುತ್ತಿದ್ದವರು. ಈಗ ತಲೆ ತುಂಬ ಕರೀ ಪೇಸ್ಟು, ಹಣೆಯಂಚಿಗೆ ವ್ಯಾಸಲೀನ್, ಕತ್ತಿನ ಸುತ್ತ ಪ್ಲಾಸ್ಟಿಕ್ಕು. ಡೈ ಹಿಡಿಯೋತನಕ ಅವರು ಏಳೋ ಹಾಗಿಲ್ಲ. ಸೋಪು ತೊಳೆಯೋತನಕ ನಾನು ಏಳೋ ಹಾಗಿಲ್ಲ.

ಕೊಬ್ಬರಿ ಎಣ್ಣೆ ಚೆನ್ನಾಗಿ ಹಿಡಿದಿದೆ ಆಂಟಿ ಅನ್ನೋ ಮಾತು ನಾಲಿಗೆ ತುದಿಗೆ ಬಂದಿತ್ತು. ಅವರೇ ಮೊದಲು ಮಾತಾಡಿದರು. "ಸುಮ್ನೆ ಕಂಡೀಷನರ್ ಹಾಕಿಸ್ಕೊಳ್ಳೋಣ ಅಂತ ಬಂದೆ." ನಾನು ಹೂಂ ಅಂದೆ. ಬೇಸಿನ್ನಿನಲ್ಲಿ ತಲೆ ಇಟ್ಟವರಿಗೆ ಅಷ್ಟೇ ಸಾಧ್ಯ.

ನಾನು ಕುರ್ಚಿಗೆ ವಾಪಸ್ಸು ಬಂದೆ. ಮಸಾಜು ಶುರುವಾಯಿತು. ಹುಡುಗ ಕ್ರೀಮು ತರೋಕೆ ಅತ್ತ ಹೋದ. ಆಂಟಿ ಕುರ್ಚಿಯನ್ನು ನನ್ನ ಕಡೆ ಸರಿಸಿಕೊಂಡು ದನಿ ತಗ್ಗಿಸಿದರು.

"ಅವನು ಕೂಗಿದ್ದು ಕೇಳಿಸ್ತು. ನಿಂಗೆ ಅದು ಶುರುವಾದಾಗ ಹೇಗಿತ್ತೇ? ಕಿವಿ ಹಿಂದೆ ಕಡಿತ ಬರ್ತಿತ್ತಾ?"

ಅವರ ಬೆರಳು ಪ್ಲಾಸ್ಟಿಕ್ಕಿನ ಕೆಳಗೆ ಕಿವಿ ಹಿಂದೆ ಹೋಗಿತ್ತು.

ಇಷ್ಟು ವರ್ಷದಲ್ಲಿ ಯಾರೂ ಈ ಪ್ರಶ್ನೆ ಕೇಳಿರಲಿಲ್ಲ. ಡೈ ಯಾಕೆ ಹಚ್ಚಲ್ಲ ಅಂತ ಊರೆಲ್ಲ ಕೇಳಿತು. ಹಚ್ಚಿದಾಗ ಏನಾಯಿತು ಅಂತ ಒಬ್ಬರೂ ಕೇಳಲಿಲ್ಲ. ಹುಟ್ಟಿದ ದಿನ ಬರೆದುಕೊಂಡ ಸಲೂನಿನವರು ಕೂಡ.

ನನಗೆ ಗೊತ್ತಿರುವಷ್ಟನ್ನು ಹೇಳಿದೆ. ಮೊದಲು ಬರುವುದು ಕಡಿತವೇ. ಕಿವಿ ಹಿಂದೆ, ಹಣೆಯಂಚು, ಕತ್ತು. ಆಮೇಲೆ ರೆಪ್ಪೆ ಊದುತ್ತದೆ. ಡೈ ಹಚ್ಚಿದ ತಕ್ಷಣ ಬರುವುದಿಲ್ಲ, ಒಂದೆರಡು ದಿನ ಬಿಟ್ಟು ಬರುತ್ತದೆ. ಅದಕ್ಕೇ ಯಾರೂ ಡೈ ಮೇಲೆ ಅನುಮಾನ ಪಡುವುದಿಲ್ಲ. "ಬದನೆಕಾಯಿ ನಂಜು ಅಂದ್ಕೊಂಡು ತಿನ್ನೋದೇ ಬಿಟ್ಟಿದ್ದೀನಿ" ಅಂದರು ಆಂಟಿ. ಪಾಪದ ಬದನೆಕಾಯಿ. ಅವರಿಗೆ ನಂಬೋಕೆ ಆಗದೆ ಇದ್ದದ್ದು ಇನ್ನೊಂದು ವಿಷಯ: ಇಷ್ಟು ವರ್ಷ ಏನೂ ಆಗದೆ ಈಗ ಹೇಗೆ? ಹಾಗೇ ಆಗುವುದು ಅಂದೆ. ವರ್ಷಗಟ್ಟಲೆ ಹಚ್ಚಿ ಏನೂ ಆಗದವರ ಮೈ ಒಂದು ದಿನ ಅದನ್ನು ಶತ್ರು ಅಂತ ಗುರುತು ಹಿಡಿಯುತ್ತದೆ. ಆಮೇಲೆ ಮರೆಯುವುದಿಲ್ಲ.

ಪಿಪಿಡಿ ಇರುವ ಡೈ ಪೊಟ್ಟಣದ ಮೇಲೆ ಎಚ್ಚರಿಕೆ ಅಚ್ಚು ಹಾಕಲೇಬೇಕು ಅಂತ ನಮ್ಮ ದೇಶದಲ್ಲಿ ನಿಯಮವಿದೆ. ಕೆಲವರ ಚರ್ಮಕ್ಕೆ ಆಗಿಬರದೆ ಇರಬಹುದು, ಮೊದಲು ಸ್ವಲ್ಪ ಹಚ್ಚಿ ನೋಡಿ, ರೆಪ್ಪೆಗೆ ಹುಬ್ಬಿಗೆ ಹಚ್ಚಬೇಡಿ, ಕಣ್ಣು ಹೋಗಬಹುದು ಅಂತ. ಎಷ್ಟೋ ಕಂಪನಿಗಳು 48 ಗಂಟೆ ಮೊದಲೇ ಪರೀಕ್ಷೆ ಮಾಡಿ ಅನ್ನುತ್ತವೆ. ಆದರೆ ಸಲೂನಿನಲ್ಲಿ ಪೊಟ್ಟಣ ನಮ್ಮ ಕೈಗೆ ಬರುವುದೇ ಇಲ್ಲ. ಕಲಸಿದ ಬಟ್ಟಲು ಬರುತ್ತದೆ, ಬ್ರಷ್ ಸಮೇತ. ಎರಡು ದಿನ ಬಿಟ್ಟು ಬನ್ನಿ ಅಂತ ಗಿರಾಕಿಯನ್ನು ವಾಪಸ್ಸು ಕಳಿಸಿದ ಸಲೂನನ್ನು ನಾನಂತೂ ಕಂಡಿಲ್ಲ. ಆ ಹುಡುಗನನ್ನು ಬೈದು ಪ್ರಯೋಜನವಿಲ್ಲ, ಅವನಿಗೆ ಯಾರೂ ಹೇಳಿಕೊಟ್ಟಿರಲಿಕ್ಕಿಲ್ಲ. ಮ್ಯಾನೇಜರನ್ನು ಬೈಯಬಹುದು.

"ಈಗಲೇ ತೊಳೆಸ್ಕೊಂಡು ಬಿಡಿ ಆಂಟಿ" ಅಂದೆ.

"ಭಾನುವಾರ ಮೊಮ್ಮಗಳ ನಾಮಕರಣ. ಬೀಗರೆಲ್ಲ ಬರ್ತಾರೆ. ಅದೊಂದು ಮುಗೀಲಿ."

ವಾದ ಮಾಡಲಿಲ್ಲ. ನಾನು ಹೇಳಿದ್ದು ಅವರಿಗೆ ಕೇಳಿಸಿತ್ತು. ನಾಮಕರಣಕ್ಕೆ ಹೋಗಿದ್ದೆ. ಕೂದಲು ಕಾಡಿಗೆ ಕಪ್ಪಗಿತ್ತು, ಕಿವಿಗಳು ಕೆಂಪಗಿದ್ದವು. ಆಂಟಿ ಮಾತಾಡುವಾಗಲೆಲ್ಲ ಸೆರಗಿನಿಂದ ಕತ್ತು ಒತ್ತಿಕೊಳ್ಳುತ್ತಿದ್ದರು. ಅವತ್ತು ಬದನೆಕಾಯಿ ಎಣ್ಣೆಗಾಯಿ ಮಾಡಿಸಿದ್ದರು. ಎರಡು ಸಲ ಬಡಿಸಿಕೊಂಡು ತಿಂದರು.

ಮುಂದಿನ ವಾರ ನನ್ನ ಚರ್ಮದ ಡಾಕ್ಟರ ನಂಬರು ಕೇಳಿ ಫೋನು ಮಾಡಿದರು. ಡಾಕ್ಟರು ಮೊದಲು ಕಡಿತ ಇಳಿಯಲಿ ಅಂದರಂತೆ. ಇಳಿದ ಮೇಲೆ, ಯಾವುದಕ್ಕೆ ಅಲರ್ಜಿ ಅಂತ ನೋಡುವ ಪ್ಯಾಚ್ ಟೆಸ್ಟಿಗೆ ಬೆನ್ನ ಮೇಲೆ ಸಣ್ಣ ಸಣ್ಣ ಪಟ್ಟಿ ಅಂಟಿಸಿ ಕಳಿಸಿದರು. ಅಂಟಿಸಿದ್ದನ್ನು ಎರಡು ದಿನ ತೆಗೆಯುವ ಹಾಗಿಲ್ಲ, ಒದ್ದೆಯೂ ಆಗಬಾರದು. ಅವತ್ತೇ ರಾತ್ರಿ ಮತ್ತೆ ಆಂಟಿಯ ಫೋನು.

"ನೀನು ಇದೆಲ್ಲ ಮುಂಚೆನೇ ಹೇಳ್ಬಾರ್ದಾ? ನಾಳೆ ಶುಕ್ರವಾರ. ತಲೆಗೆ ನೀರು ಹಾಕ್ಕೊಳ್ದೆ ದೇವರಿಗೆ ದೀಪ ಹೇಗೆ ಹಚ್ಲೇ ನಾನು?"