ಸಾಲಕ್ಕಿಂತ ಕಡಿಮೆ ಬೆಲೆಗೆ ಮನೆ: ಓಟಿಎಸ್ ಪತ್ರ ಕೈಗೆ ಬರುವ ಮುಂಚೆ ಮುಂಗಡ ಬೇಡ

ಮನೆ ಮೇಲಿರುವ ಸಾಲಕ್ಕಿಂತ ಕಡಿಮೆ ಬೆಲೆಗೆ ಮಾರಲು ಬ್ಯಾಂಕೇ ಒಪ್ಪುವುದಕ್ಕೆ ಅಮೆರಿಕದಲ್ಲಿ ಶಾರ್ಟ್ ಸೇಲ್ ಅಂತಾರೆ. ಬೆಂಗಳೂರಿನಲ್ಲಿ ಆ ಹೆಸರಿನ ವ್ಯವಸ್ಥೆ ಇಲ್ಲ. ಕಂತು ನಿಂತ ಫ್ಲ್ಯಾಟನ್ನು ಮಾಲೀಕರೇ ಮಾರಿ, ಬಂದ ಹಣದಲ್ಲಿ ಬ್ಯಾಂಕಿನ ಜೊತೆ ಓಟಿಎಸ್ (ಕಡಿಮೆ ಮೊತ್ತಕ್ಕೆ ಒಪ್ಪಿ ಒಂದೇ ಬಾರಿಗೆ ಸಾಲ ಇತ್ಯರ್ಥ) ಮಾಡಿಕೊಂಡು ಲೆಕ್ಕ ಚುಕ್ತಾ ಮಾಡುವುದು ಅದಕ್ಕೆ ತೀರ ಹತ್ತಿರ.

ಇಂಥ ಮನೆ ಕೊಳ್ಳುವವರು ಮೊದಲು ಕೇಳಬೇಕಾದ್ದು: ಅಡವಿಟ್ಟ ಆಸ್ತಿಯನ್ನು ಬ್ಯಾಂಕೇ ವಶಕ್ಕೆ ಪಡೆದು ಮಾರಲು ಬಿಡುವ ಸರ್ಫೇಸಿ ಕಾಯ್ದೆಯ 13(2) ನೋಟಿಸ್, ಅಂದರೆ ಬಾಕಿ ಕಟ್ಟಿ ಅನ್ನುವ ನೋಟಿಸ್, ಬಂದಿದೆಯಾ? ಬಂದಿದ್ದರೆ ಬ್ಯಾಂಕಿನ ಲಿಖಿತ ಒಪ್ಪಿಗೆ ಇಲ್ಲದೆ ಮಾಲೀಕರು ಮನೆ ಮಾರುವ ಹಾಗಿಲ್ಲ. 13(13) ಅದನ್ನು ನೇರವಾಗಿ ತಡೆಯುತ್ತದೆ. ಬ್ರಾಂಚಿನವರು "ಆಗತ್ತೆ ಬಿಡಿ" ಅಂದದ್ದನ್ನು ನಂಬಿ ಮುಂಗಡ ಕೊಡಬೇಡಿ. ಓಟಿಎಸ್ ಪತ್ರದಲ್ಲಿ ಮೊತ್ತ, ಕೊನೆಯ ದಿನ, ನಿಮ್ಮ ಹೆಸರಿಗೆ ಮಾರಲು ಒಪ್ಪಿಗೆ, ಮೂಲ ದಾಖಲೆಗಳ ಪಟ್ಟಿ ನಾಲ್ಕೂ ಇರಲಿ. ಗಡುವು ದಾಟಿದರೆ ರಿಯಾಯಿತಿ ಹೋಗುತ್ತದೆ. ಹರಾಜಿನ ನೋಟಿಸ್ ಪ್ರಕಟವಾಯಿತೋ, 2016ರ ತಿದ್ದುಪಡಿಯ ಪ್ರಕಾರ ಸಾಲ ತೀರಿಸಿ ಮನೆ ಬಿಡಿಸಿಕೊಳ್ಳುವ ಹಕ್ಕೂ ಮಾಲೀಕರಿಗೆ ಉಳಿಯುವುದಿಲ್ಲ.

ಲೆಕ್ಕ ಕೆಡುವುದು ಹೆಚ್ಚಾಗಿ ಟಿಡಿಎಸ್‌ನಲ್ಲಿ, ಅಂದರೆ ಹಣ ಕೊಡುವಾಗಲೇ ಮುರಿದುಕೊಳ್ಳುವ ತೆರಿಗೆಯಲ್ಲಿ. ಬೆಲೆ 80 ಲಕ್ಷ, ಓಟಿಎಸ್ ಮೊತ್ತವೂ 80 ಲಕ್ಷ ಅಂತಿಟ್ಟುಕೊಳ್ಳಿ. 50 ಲಕ್ಷ ಅಥವಾ ಮೇಲ್ಪಟ್ಟ ಆಸ್ತಿಗೆ ಕೊಳ್ಳುವವರು 1% ಮುರಿದುಕೊಂಡು ಸರ್ಕಾರಕ್ಕೆ ಕಟ್ಟಲೇಬೇಕು. 80,000 ಹೋಯಿತು, ಬ್ಯಾಂಕಿಗೆ ಸೇರಿದ್ದು 79.20 ಲಕ್ಷ. ಬಾಕಿ ನಿಂತಿತು, ದಾಖಲೆ ಬರಲಿಲ್ಲ. ಮಾಲೀಕರ ಕೈಗೆ ಏನೂ ಉಳಿಯದ ಮಾರಾಟದಲ್ಲಿ ಈ 80,000 ಯಾರ ಪಾಲಿನದು ಅನ್ನೋದು ಪತ್ರದಲ್ಲೇ ಇತ್ಯರ್ಥವಾಗಿರಬೇಕು.

ಇನ್ನೊಂದು ಪೆಟ್ಟು ಸರ್ಕಾರ ನಿಗದಿ ಮಾಡುವ ಮಾರ್ಗಸೂಚಿ ದರದ್ದು. ಅದೇ ಮನೆಗೆ ಮಾರ್ಗಸೂಚಿ ಮೌಲ್ಯ 95 ಲಕ್ಷ ಇದ್ದರೆ ಮುದ್ರಾಂಕ, ನೋಂದಣಿ ಎರಡೂ 95ರ ಮೇಲೆಯೇ; ಟಿಡಿಎಸ್ ಕೂಡ ಆಗ 95ರ ಮೇಲೆಯೇ. 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕ 2% ಆಗಿದೆ. ನಗರದಲ್ಲಿ ಸೆಸ್, ಸರ್‌ಚಾರ್ಜ್ ಸೇರಿ ಒಟ್ಟು 7.6%, ಅಂದರೆ 7.22 ಲಕ್ಷ. ಸಾಲದು ಅಂತ, ವ್ಯತ್ಯಾಸ ಬೆಲೆಯ 10% ಮೀರಿರುವುದರಿಂದ ಆ 15 ಲಕ್ಷ ಪೂರ್ತಿ ನಿಮ್ಮ ಆದಾಯವೆಂದೇ ತೆರಿಗೆಗೆ ಸೇರುತ್ತದೆ. ಅಗ್ಗ ಅನ್ನಿಸಿದ ಮನೆ ಇಲ್ಲೇ ದುಬಾರಿಯಾಗುವುದು. ಗೃಹಸಾಲ ಹೆಚ್ಚೆಂದರೆ ಬೆಲೆಯ 80%, ಅಂದರೆ 64 ಲಕ್ಷ ಸಿಕ್ಕೀತು. ಉಳಿದ 16 ಲಕ್ಷದ ಜೊತೆ ನೋಂದಣಿ ಖರ್ಚೂ ಸೇರಿ 23 ಲಕ್ಷಕ್ಕೂ ಹೆಚ್ಚು ಕೈಯಲ್ಲಿರಬೇಕು.

30 ವರ್ಷದ ಇಸಿ (ಋಣಭಾರ ಪ್ರಮಾಣಪತ್ರ) ತೆಗೆಸಿ ಸಾಲುಸಾಲಾಗಿ ಓದಿ. ಹಕ್ಕುಪತ್ರ ಠೇವಣಿಯ (ದಾಖಲೆ ಅಡವಿಟ್ಟು ಮಾಡಿದ ಸಾಲದ) ನಮೂದು ಎರಡಿದ್ದರೆ ಸಾಲ ಕೊಟ್ಟವರೂ ಇಬ್ಬರಿರಬಹುದು; ಒಬ್ಬರ ಓಟಿಎಸ್ ಇನ್ನೊಬ್ಬರನ್ನು ಕಟ್ಟಿಹಾಕುವುದಿಲ್ಲ. ನೋಂದಣಿಯಾಗದ ಅಡಮಾನ ಇಸಿಯಲ್ಲಿ ಕಾಣದು, ಅದಕ್ಕೆ ಅಡಮಾನಗಳ ಕೇಂದ್ರ ದಾಖಲೆಯಾದ ಸೆರ್ಸಾಯ್‌ನಲ್ಲೂ ಹುಡುಕಿಸಿ. ಇ-ಖಾತಾ (ಪಾಲಿಕೆಯ ಡಿಜಿಟಲ್ ಆಸ್ತಿ ದಾಖಲೆ) ಇಲ್ಲದೆ ನೋಂದಣಿಯೇ ಆಗುವುದಿಲ್ಲ. ಆಸ್ತಿ ತೆರಿಗೆ, ಬೆಸ್ಕಾಂ ಬಿಲ್ಲು, ಅಪಾರ್ಟ್‌ಮೆಂಟ್ ಸಂಘದ ಬಾಕಿಗಳಿಗೂ ರಸೀದಿ ಕೇಳಿ. ಕಂತು ಕಟ್ಟಲಾಗದವರು ಇವನ್ನೂ ಕಟ್ಟಿರುವುದು ಅಪರೂಪ.

ಹಣ ಮಾಲೀಕರ ಖಾತೆಗಲ್ಲ, ಸಾಲದ ಖಾತೆ ಸಂಖ್ಯೆ ಬರೆದ ಡಿಡಿ ಅಥವಾ ಆರ್‌ಟಿಜಿಎಸ್ ಮೂಲಕ ನೇರ ಬ್ಯಾಂಕಿಗೆ. ಬ್ಯಾಂಕಿನ ಅಧಿಕಾರಿ ಮೂಲ ದಾಖಲೆಗಳ ಕಟ್ಟಿನೊಂದಿಗೆ ಸಬ್‌ರಿಜಿಸ್ಟ್ರಾರ್ ಕಚೇರಿಗೇ ಬರುವಂತೆ ದಿನ ಗೊತ್ತುಮಾಡಿ. ಹಿಂದಿನ ಕ್ರಯಪತ್ರದ ಒಂದೊಂದು ಪುಟವನ್ನೂ ಪಟ್ಟಿಗೆ ತಾಳೆ ನೋಡಿ ಡಿಡಿ ಕೊಡಿ. ಬ್ಯಾಂಕು ತಡಮಾಡಿದರೆ, ಸಾಲ ಇತ್ಯರ್ಥವಾದ 30 ದಿನದೊಳಗೆ ದಾಖಲೆ ಮರಳಿಸಬೇಕು, ಇಲ್ಲವಾದರೆ ದಿನಕ್ಕೆ 5,000 ರೂಪಾಯಿ ಸಾಲಗಾರರಿಗೆ ಕೊಡಬೇಕು ಅನ್ನುವ ರಿಸರ್ವ್ ಬ್ಯಾಂಕ್ ನಿಯಮ 2023ರ ಡಿಸೆಂಬರ್ 1ರಿಂದ ಇದೆ. ಅಡಮಾನ ಬಿಡುಗಡೆ ಪತ್ರವೂ ಅವತ್ತೇ ನೋಂದಣಿಯಾಗಲಿ. ಕೆಲವು ದಿನ ಬಿಟ್ಟು ಮತ್ತೊಮ್ಮೆ ಇಸಿ ತೆಗೆಸಿ, ಆ ನಮೂದು ಬಂದಿದೆಯಾ ನೋಡಿ.