ಮುಂದೇನಾಗುತ್ತೆ ಅಂತ ಗೊತ್ತಿದ್ದರೂ ನಗು ಹೇಗೆ ಬರುತ್ತೆ?

‘ಮತ್ತೆ ಅದೇ ಸಿನಿಮಾನಾ? ಪೆಟ್ಟಿಗೆ ಬೀಳುತ್ತೆ ಅಂತ ಗೊತ್ತಲ್ವಾ? ಆದ್ರೂ ನಗು ಹೇಗೆ ಬರುತ್ತೆ ನಿಮಗೆ?’

ಮನೆಗೆ ಬಂದವರು, ಜೊತೆಗೆ ಕೆಲಸ ಮಾಡುವವರು, ಅಕ್ಕನ ಮಕ್ಕಳು, ಎಲ್ಲರೂ ಇದನ್ನು ಕೇಳಿದ್ದಾರೆ. ಸಿನಿಮಾ ಯಾವುದು ಅಂದರೆ ಹಾಲಿವುಡ್‌ನ ಹಾಸ್ಯನಟರಾದ ಲಾರೆಲ್ ಮತ್ತು ಹಾರ್ಡಿ ಜೋಡಿಯ ‘ದಿ ಮ್ಯೂಸಿಕ್ ಬಾಕ್ಸ್’. 1932ರದ್ದು, ಸುಮಾರು ಅರ್ಧ ಗಂಟೆಯ ಚಿತ್ರ. ಇಷ್ಟು ದಿನ ‘ನೀವೂ ಒಮ್ಮೆ ನೋಡಿ’ ಅಂತ ಹೇಳಿ ಸುಮ್ಮನಾಗುತ್ತಿದ್ದೆ. ಈ ಸಲ ಸರಿಯಾಗಿ ಉತ್ತರ ಕೊಡುತ್ತೇನೆ.

ಕತೆಯನ್ನು ಮೊದಲೇ ಹೇಳಿಬಿಡುತ್ತೇನೆ, ಹೇಳಿದರೆ ಏನೂ ಹಾಳಾಗುವುದಿಲ್ಲ. ಒಬ್ಬ ಹೆಂಗಸು ಗಂಡನ ಹುಟ್ಟುಹಬ್ಬಕ್ಕೆ ಅಂತ ತಾನಾಗಿಯೇ ನುಡಿಯುವ ಪಿಯಾನೊ ಕೊಳ್ಳುತ್ತಾಳೆ. ದೊಡ್ಡ ಮರದ ಪೆಟ್ಟಿಗೆಯಲ್ಲಿಟ್ಟ ಅದನ್ನು ಮನೆಗೆ ಮುಟ್ಟಿಸುವ ಕೆಲಸ ಲಾರೆಲ್, ಹಾರ್ಡಿಯವರದು. ಕೈಯಲ್ಲಿದ್ದ 3 ಡಾಲರ್ 80 ಸೆಂಟ್ ಹಾಕಿ ಸಾಮಾನು ಸಾಗಿಸುವ ವ್ಯಾಪಾರ ಶುರು ಮಾಡಿದ್ದಾರೆ. ಒಂದು ಗಾಡಿ, ಒಂದು ಕುದುರೆ. ದಾರಿಯಲ್ಲಿ ಸಿಕ್ಕ ಪೋಸ್ಟ್‌ಮ್ಯಾನ್‌ನನ್ನು ವಿಳಾಸ ಕೇಳುತ್ತಾರೆ. ಅವನು ಕೈ ಮೇಲಕ್ಕೆ ತೋರಿಸುತ್ತಾನೆ. ಮನೆ ಇರುವುದು ಒಂದು ಉದ್ದನೆಯ ಮೆಟ್ಟಿಲ ಸಾಲಿನ ತುದಿಯಲ್ಲಿ.

ಆ ಮೆಟ್ಟಿಲು ನಿಜವಾದದ್ದು. ಲಾಸ್ ಏಂಜಲೀಸ್‌ನ ಸಿಲ್ವರ್ ಲೇಕ್ ಬಡಾವಣೆಯಲ್ಲಿ, ವೆಂಡೋಮ್ ಬೀದಿಯ ಪಕ್ಕದಲ್ಲಿ ಇವತ್ತಿಗೂ ಇದೆ. ಒಟ್ಟು 133 ಮೆಟ್ಟಿಲು. ಸಿನಿಮಾದ ಹೆಸರಿನಲ್ಲೇ ಅದಕ್ಕೊಂದು ಫಲಕ ಹಾಕಿದ್ದಾರೆ. ಮೇಲಿನ ಮನೆ ಮಾತ್ರ ಸ್ಟುಡಿಯೋದಲ್ಲಿ ಕಟ್ಟಿದ ಸೆಟ್.

ಈಗ ಪ್ರಶ್ನೆಗೆ ಬರುತ್ತೇನೆ. ಗೊತ್ತಿದ್ದರೂ ನಗು ಬರುತ್ತೆ ಅಂತಲ್ಲ, ಗೊತ್ತಿರುವುದರಿಂದಲೇ ಬರುತ್ತೆ. ಮೊದಲ ಸಲ ನೋಡುವವರಿಗೂ ಹಾಗೇನೇ. ಮೆಟ್ಟಿಲು ಕಂಡ ಕೂಡಲೇ ಪೆಟ್ಟಿಗೆ ಬೀಳುತ್ತೆ ಅಂತ ಯಾರಿಗಾದರೂ ಗೊತ್ತಾಗುತ್ತದೆ. ನಿರ್ದೇಶಕ ಜೇಮ್ಸ್ ಪ್ಯಾರಟ್ ಅದನ್ನು ಮುಚ್ಚಿಡಲು ಹೋಗುವುದೇ ಇಲ್ಲ. ಇಬ್ಬರೂ ಏದುಸಿರು ಬಿಡುತ್ತಾ ಹತ್ತುತ್ತಿರುತ್ತಾರೆ. ಎದುರಿನಿಂದ ಒಬ್ಬ ಆಯಾ ಮಗುವಿನ ತಳ್ಳುಗಾಡಿ ಇಳಿಸಿಕೊಂಡು ಬರುತ್ತಾಳೆ, ಸ್ವಲ್ಪ ದಾರಿ ಬಿಡಿ ಅನ್ನುತ್ತಾಳೆ. ಹಾರ್ಡಿ ಮರ್ಯಾದಸ್ಥ, ಹೆಂಗಸು ಕೇಳಿದರೆ ಇಲ್ಲ ಅನ್ನುವವನಲ್ಲ. ಆ ಕ್ಷಣದಲ್ಲಿ ನಮಗೆ ಗೊತ್ತು, ಅವರಿಗೆ ಗೊತ್ತಿಲ್ಲ. ‘ಬೇಡಪ್ಪಾ, ಕೈ ಬಿಡಬೇಡ’ ಅಂತ ಮನಸ್ಸು ಕೂಗುತ್ತದೆ. ಪೆಟ್ಟಿಗೆ ಜಾರುವ ಮೊದಲೇ ಹೊಟ್ಟೆಯೊಳಗೆ ನಗು ಶುರುವಾಗಿರುತ್ತದೆ.

ಮನೆ ಬದಲಾಯಿಸುವಾಗ ಕಬ್ಬಿಣದ ಬೀರುವನ್ನು ಎರಡನೇ ಮಹಡಿಗೆ ಹತ್ತಿಸಿದವರಿಗೆ ಈ ದೃಶ್ಯ ಬಿಡಿಸಿ ಹೇಳಬೇಕಾಗಿಲ್ಲ. ‘ನಿಧಾನ, ನಿಧಾನ, ನಿನ್ನ ಕಡೆ ಎತ್ತು’ ಅನ್ನುವ ಆ ಕೂಗು ಎಲ್ಲ ಊರಿನಲ್ಲೂ ಒಂದೇ.

ಬಹಳ ಜನ ಗಮನಿಸದ ಒಂದು ವಿಷಯವಿದೆ. ನನಗೆ ಅದೇ ಎಲ್ಲಕ್ಕಿಂತ ಮುಖ್ಯ. 1927ರಲ್ಲಿ ಇದೇ ಜೋಡಿ ಇದೇ ಮೆಟ್ಟಿಲ ಮೇಲೆ ‘ಹ್ಯಾಟ್ಸ್ ಆಫ್’ ಅನ್ನುವ ಮೂಕಿ ಚಿತ್ರ ಮಾಡಿತ್ತು. ಅದರಲ್ಲಿ ಅವರು ಹೊತ್ತದ್ದು ಬಟ್ಟೆ ಒಗೆಯುವ ಯಂತ್ರ. ಆ ಚಿತ್ರದ ಒಂದು ಪ್ರತಿಯೂ ಈಗ ಸಿಕ್ಕಿಲ್ಲ. ಐದು ವರ್ಷ ಬಿಟ್ಟು ಅದೇ ಮೆಟ್ಟಿಲಿಗೆ ಬಂದರು. ಅಷ್ಟರಲ್ಲಿ ಸಿನಿಮಾಕ್ಕೆ ಧ್ವನಿ ಬಂದಿತ್ತು, ಈ ಸಲ ಯಂತ್ರದ ಜಾಗದಲ್ಲಿ ಪಿಯಾನೊ ಇತ್ತು.

ಪಿಯಾನೊ ಯಾಕೆ ಅಂತ ಯೋಚಿಸಿ. ಒಗೆಯುವ ಯಂತ್ರ ಬಿದ್ದರೆ ದಡಾರ್ ಅನ್ನುತ್ತದೆ, ಅಷ್ಟೆ. ಪಿಯಾನೊ ಬಿದ್ದರೆ ಒಳಗಿನ ತಂತಿಗಳೆಲ್ಲ ಒಟ್ಟಿಗೆ ಝಣಝಣ ಅಂತ ನರಳುತ್ತವೆ. ಮರದ ಪೆಟ್ಟಿಗೆಯೊಳಗೆ ಯಾವುದೋ ಜೀವ ಸಿಕ್ಕಿಹಾಕಿಕೊಂಡು ಒಂದೊಂದು ಮೆಟ್ಟಿಲಿಗೂ ಅಯ್ಯೋ ಅನ್ನುತ್ತಿದೆ ಅನ್ನಿಸುತ್ತದೆ. ಕಣ್ಣು ಮುಚ್ಚಿಕೊಂಡು ಕೇಳಿದರೂ ಅದು ಎಷ್ಟು ದೂರ ಜಾರಿತು ಅಂತ ತಿಳಿಯುತ್ತದೆ. ಧ್ವನಿ ಬಂದ ಹೊಸದರಲ್ಲಿ ಬಹಳ ಸಿನಿಮಾಗಳು ಬರೀ ಮಾತಾಡಲು ಶುರು ಮಾಡಿದವು. ಇವರು ಮಾತನ್ನು ಕಡಿಮೆ ಇಟ್ಟು ಶಬ್ದವನ್ನು ದುಡಿಸಿದರು. (ನಮ್ಮ ಮೊದಲ ಟಾಕಿ ‘ಸತಿ ಸುಲೋಚನ’ ಬಂದದ್ದು ಇದಾಗಿ ಎರಡು ವರ್ಷಕ್ಕೆ, 1934ರಲ್ಲಿ. ಕಾಲ ಎಂಥದ್ದು ಅಂತ ಅಂದಾಜಿಗೆ ಹೇಳಿದೆ.)

ಪೆಟ್ಟಿಗೆ ಮತ್ತೆ ಮತ್ತೆ ಬೀಳುತ್ತದೆ. ಒಂದೇ ಥರ ಬೀಳುವುದಿಲ್ಲ ಅನ್ನುವುದೇ ಇದರ ಕಸುಬು. ಒಮ್ಮೆ ಪೊಲೀಸ್ ಕೆಳಗಿನಿಂದ ಕರೆಯುತ್ತಾನೆ. ಲಾರೆಲ್ ಇಳಿದು ಹೋದರೆ ‘ನೀನಲ್ಲ, ಇನ್ನೊಬ್ಬ’ ಅನ್ನುತ್ತಾನೆ. ಹಾರ್ಡಿ ಇಳಿದು ಬಂದರೆ ಅವನ ಹಿಂದೆಯೇ ಪಿಯಾನೊ ಕೂಡ ಬರುತ್ತದೆ. ಇನ್ನೊಮ್ಮೆ ತುದಿಗೇ ತಲುಪಿ ಕಾಲಿಂಗ್ ಬೆಲ್ ಒತ್ತುವ ಹೊತ್ತಿಗೆ ಕೈತಪ್ಪಿ ಅಷ್ಟೂ ಮೆಟ್ಟಿಲು ಇಳಿದುಬಿಡುತ್ತದೆ. ಅಂಥ ಹೊತ್ತಿನಲ್ಲಿ ಹಾರ್ಡಿ ನೇರ ಕ್ಯಾಮೆರಾದ ಕಡೆ ನೋಡುತ್ತಾನೆ. ಆ ನೋಟ ನನಗೆ ಬಹಳ ಇಷ್ಟ. ‘ನೋಡಿದಿರಾ ನನ್ನ ಪಾಡು?’ ಅಂತ ನಮ್ಮನ್ನೇ ಕೇಳಿದ ಹಾಗಿರುತ್ತದೆ.

ಕೊನೆಗೂ ಮೇಲೆ ಹತ್ತಿಸುತ್ತಾರೆ. ಅಲ್ಲಿ ಅದೇ ಪೋಸ್ಟ್‌ಮ್ಯಾನ್ ಬಂದು, ‘ಮೆಟ್ಟಿಲು ಯಾಕೆ ಹತ್ತಿದಿರಿ? ಆ ಕಡೆಯಿಂದ ಗಾಡಿ ರಸ್ತೆ ಇದೆಯಲ್ಲ’ ಅನ್ನುತ್ತಾನೆ. ಆಗ ಇವರು ಏನು ಮಾಡುತ್ತಾರೆ ಗೊತ್ತಾ? ಪಿಯಾನೊವನ್ನು ಮತ್ತೆ ಕೆಳಗೆ ಹೊತ್ತುಕೊಂಡು ಹೋಗುತ್ತಾರೆ. ಗಾಡಿಗೆ ಏರಿಸಿ, ರಸ್ತೆಯಲ್ಲಿ ಸುತ್ತಿ, ಅದೇ ಜಾಗಕ್ಕೆ ತರುತ್ತಾರೆ. ಇದನ್ನು ನಾನು ದಡ್ಡತನ ಅಂತ ಕರೆಯಲಾರೆ. ತಪ್ಪು ದಾರಿಯಲ್ಲಿ ಬಂದಿದ್ದೇವೆ, ಸರಿಯಾದ ದಾರಿಯಲ್ಲಿ ಬರಬೇಕು ಅನ್ನುವ ನಿಯತ್ತು ಅದರಲ್ಲಿದೆ. ಇವರ ಮೇಲೆ ಪ್ರೀತಿ ಹುಟ್ಟುವುದು ಅದಕ್ಕೇ.

1932ರ ನವೆಂಬರ್‌ನಲ್ಲಿ ನಡೆದ ಆಸ್ಕರ್ ಸಮಾರಂಭದಲ್ಲಿ ಹಾಸ್ಯ ಕಿರುಚಿತ್ರಕ್ಕೆ ಮೊದಲ ಸಲ ಪ್ರಶಸ್ತಿ ಕೊಟ್ಟರು. ಅದು ಸಿಕ್ಕಿದ್ದು ಈ ಚಿತ್ರಕ್ಕೆ. ಹಾಲ್ ರೋಚ್ ಇದರ ನಿರ್ಮಾಪಕ. ತೆರೆಯ ಮೇಲೆ ಪೆದ್ದನ ಹಾಗೆ ತಲೆ ಕೆರೆದುಕೊಳ್ಳುವ ಸ್ಟಾನ್ ಲಾರೆಲ್, ತೆರೆಯ ಹಿಂದೆ ಈ ಜೋಡಿಯ ಚಿತ್ರಗಳ ಹಾಸ್ಯ ಕಟ್ಟುವುದರಲ್ಲಿ, ಸಂಕಲನದಲ್ಲಿ ಕೂತು ದುಡಿಯುತ್ತಿದ್ದವನು.

ಮನೆಯೊಳಗೆ ಆಗುವ ರಂಪ ದೊಡ್ಡದು. ಹಗ್ಗ, ರಾಟೆ, ನೀರಿನ ಕೊಳ, ಕೊನೆಗೆ ಪಿಯಾನೊ ಕಂಡರೇ ಆಗದ ಯಜಮಾನನ ಕೈಯಲ್ಲಿ ಕೊಡಲಿ. ಕೊಡಲಿ ಏಟು ಬೀಳುತ್ತಿರುವಾಗಲೇ ಪಿಯಾನೊ ರಾಷ್ಟ್ರಗೀತೆ ನುಡಿಯಲು ಶುರು ಮಾಡುತ್ತದೆ. ಎಲ್ಲರೂ ಕೈಯಲ್ಲಿದ್ದದ್ದು ಬಿಟ್ಟು ನೆಟ್ಟಗೆ ನಿಂತು ಸೆಲ್ಯೂಟ್ ಹೊಡೆಯುತ್ತಾರೆ.

ಆದರೆ ನಾನು ಪ್ರತಿ ಸಲ ಕಾಯುವುದು ಅದಕ್ಕಿಂತ ಸ್ವಲ್ಪ ಮುಂಚಿನ ಒಂದು ತುಣುಕಿಗೆ. ಪೆಟ್ಟಿಗೆ ಒಡೆದು ಪಿಯಾನೊ ಹೊರಗೆ ತೆಗೆದಿದ್ದಾರೆ. ನೆಲದ ತುಂಬ ಹಲಗೆ, ಕಸ. ನೋಡೋಣ ಅಂತ ಪಿಯಾನೊ ಚಾಲೂ ಮಾಡುತ್ತಾರೆ. ದಿನವಿಡೀ ನರಳಿದ ಆ ಪಿಯಾನೊ ಈಗ ಹಾಡು ನುಡಿಸುತ್ತದೆ. ಇಬ್ಬರೂ ಕಸ ಎತ್ತುತ್ತಾ ಎತ್ತುತ್ತಾ ಕುಣಿಯಲು ಶುರು ಮಾಡುತ್ತಾರೆ. ಆ ದೊಡ್ಡ ಮೈಯ ಹಾರ್ಡಿಯ ಪಾದ ಎಷ್ಟು ಹಗುರವಾಗಿ ನೆಲ ಮುಟ್ಟುತ್ತದೆ ಅಂದರೆ, ಅಲ್ಲಿಗೆ ಬಂದಾಗ ನನ್ನ ನಗು ನಿಂತು ಸುಮ್ನೆ ನೋಡುತ್ತಾ ಕೂತುಬಿಡುತ್ತೇನೆ.