ವರ್ಷ ತುಂಬದ ಮನೆಗೆ ಈಸ್ಟರ್ ಸಿಹಿ

ಈಸ್ಟರ್ ಸಿಹಿಯ ಡಬ್ಬಿ ಹಿಡಿದು ಮೆಟ್ಟಿಲು ಇಳಿಯುತ್ತಿದ್ದೆ. ಪಕ್ಕದ ಮನೆಯವರು ತಡೆದರು. "ಧಾರವಾಡದ ಅಕ್ಕನ ಮನೆಗೆ ಬೇಡ ರೀ. ಯಜಮಾನರು ಹೋಗಿ ವರ್ಷ ತುಂಬಿಲ್ಲ. ಸಿಹಿ ಕೊಡಬಾರದು."

ಅವರು ಕೆಟ್ಟವರಲ್ಲ. ಕಟ್ಟಡದಲ್ಲಿ ಯಾರಿಗೆ ಜ್ವರ ಬಂದರೂ ಮೊದಲು ಗಂಜಿ ಕಳಿಸುವವರು ಅವರೇ. ಆದರೆ ದುಃಖದ ಮನೆಯ ಬಾಗಿಲು ತಟ್ಟದೆ ಇರುವುದೇ ಮರ್ಯಾದೆ ಅಂದುಕೊಂಡಿದ್ದಾರೆ. ನನಗದು ಒಪ್ಪಿಗೆಯಾಗಲಿಲ್ಲ. ಹೋದೆ.

ನಾವಿರುವುದು ಮುಂಬೈಯ ಮಲಾಡ್‌ನಲ್ಲಿ, ಓರ್ಲೆಮ್ ಹತ್ತಿರ. ಈಸ್ಟರ್ ಬಂತೆಂದರೆ ಇಲ್ಲಿನ ಬೇಕರಿಗಳಲ್ಲಿ ಬಣ್ಣಬಣ್ಣದ ಮಾರ್ಜಿಪಾನ್ ಮೊಟ್ಟೆಗಳು. ನಾನು ಮನೆಯಲ್ಲೇ ಮಾಡುತ್ತೇನೆ. ಗೋಡಂಬಿ ಪುಡಿ, ಸಕ್ಕರೆ, ಸ್ವಲ್ಪ ಗುಲಾಬಿ ನೀರು, ಅಷ್ಟೇ. ಮೊಟ್ಟೆ ಆಕಾರ ಮಾತ್ರ, ಒಳಗೆ ಮೊಟ್ಟೆ ಇಲ್ಲ. ಅಕ್ಕನಿಗೆ ಮೊದಲು ಅದನ್ನೇ ಹೇಳಿದೆ.

ಅವರು ಡಬ್ಬಿ ತೆಗೆದುಕೊಂಡರು. ಒಳಗೆ ಕರೆದರು. ಗುಲಾಬಿ ಬಣ್ಣದ ಒಂದು ಮೊಟ್ಟೆಯನ್ನು ಅಂಗೈಯಲ್ಲಿ ಹೊರಳಿಸುತ್ತಾ ಕೇಳಿದರು, "ನಿಮ್ಮ ಯೇಸು ಸತ್ತ ಮ್ಯಾಲೆ ಖರೇನ ಎದ್ದು ಬಂದಾ ಅಂತ ನೀವು ನಂಬ್ತೀರೇನ್ರಿ?"

"ನಂಬ್ತೀನಿ ಅಕ್ಕ."

"ಹಂಗಾದ್ರ ನಮ್ಮವರು?"

ವಾರವಿಡೀ ಇದೇ ಮಾತು ಕಿವಿಯಲ್ಲಿದೆ. ಹಂಗಾದ್ರ ನಮ್ಮವರು? ಲೋಕಲ್ ಟ್ರೇನ್‌ನಲ್ಲಿ ನಿಂತಾಗಲೂ ಅದೇ, ಅಕ್ಕಿ ತೊಳೆಯುವಾಗಲೂ ಅದೇ. ಇಷ್ಟು ವರ್ಷ ಎಷ್ಟೋ ಈಸ್ಟರ್ ಪ್ರಸಂಗ ಕೇಳಿದ್ದೇನೆ. ಇಷ್ಟು ನೇರವಾಗಿ ಯಾರೂ ಕೇಳಿರಲಿಲ್ಲ. ನಮ್ಮಲ್ಲಿ ಕೆಲವರಿಗೆ ಈಸ್ಟರ್ ಅಂದರೆ ಬೆಳಗಾಗುವ ಮೊದಲೇ ನೂರು ಮೆಸೇಜ್ ಫಾರ್ವರ್ಡ್ ಮಾಡಿ, ಮಧ್ಯಾಹ್ನ ಬಿರಿಯಾನಿ ತಿಂದು ಮಲಗುವುದು. ಸಂತೋಷ ಹಂಚುವುದು ಅಂದರೆ ಇಷ್ಟೇನಾ? ಸತ್ತವರನ್ನು ನೆನೆದು ಕೂತವರ ಎದುರು ಆ ಸಂತೋಷ ನಿಲ್ಲಬೇಕಲ್ವಾ?

ಸುವಾರ್ತೆಯಲ್ಲಿ ಅದು ಮೊದಲು ಹೋದದ್ದೇ ಅಂಥವರ ಹತ್ತಿರ. ಯೇಸುವಿನ ಶಿಷ್ಯೆ ಮಗ್ದಲದ ಮರಿಯಳು ಅವನ ಸಮಾಧಿಯ ಹೊರಗೆ ಅಳುತ್ತಾ ನಿಂತಿದ್ದಳು. ಹೆಂಗಸರು ಬಂದು ಹೇಳಿದ ಸುದ್ದಿ ಶಿಷ್ಯರಿಗೆ ಹುಚ್ಚು ಮಾತಿನ ಹಾಗೆ ಕೇಳಿಸಿತು ಅಂತ ಲೂಕ ಬರೆಯುತ್ತಾನೆ. ಅದೇ ಸಂಜೆ ಶಿಷ್ಯರು ಹೆದರಿ ಬಾಗಿಲು ಹಾಕಿಕೊಂಡಿದ್ದರು. ಆ ಮನೆಯೊಳಕ್ಕೇ ಯೇಸು ಬಂದ. ದುಃಖ ಮುಗಿಯಲಿ, ವರ್ಷ ತುಂಬಲಿ ಅಂತ ಹೊರಗೆ ಕಾಯಲಿಲ್ಲ.

ನಮ್ಮ ಅಜ್ಜ ಉಡುಪಿಯ ಕಡೆ ಬಾಸೆಲ್ ಮಿಶನ್ ಸಭೆಯವರು. ಈಸ್ಟರ್ ದಿನ ಕತ್ತಲೆ ಇರುವಾಗಲೇ ಎಲ್ಲರೂ ಸ್ಮಶಾನಕ್ಕೆ ಹೋಗಿ ಸಮಾಧಿಗಳಿಗೆ ಹೂ ಇಟ್ಟು ಹಾಡುತ್ತಿದ್ದರಂತೆ. ಸೂರ್ಯ ಹುಟ್ಟುವ ಹೊತ್ತಿಗೆ ಸಮಾಧಿಗಳ ನಡುವೆ ನಿಂತು ಹಾಡುವ ಈ ರೂಢಿ 1732ರಲ್ಲಿ ಜರ್ಮನಿಯ ಹೆರ್ನ್‌ಹುಟ್‌ನಲ್ಲಿ ಮೊರೇವಿಯನ್ ಎಂಬ ಪ್ರೊಟೆಸ್ಟಂಟ್ ಸಭೆಯ ಯುವಕರಿಂದ ಶುರುವಾಯಿತು. ಹಬ್ಬದ ದಿನ ಸ್ಮಶಾನ ಯಾಕೆ ಅಂತ ಚಿಕ್ಕವಳಿದ್ದಾಗ ಕೇಳುತ್ತಿದ್ದೆ. ಅಕ್ಕನ ಮಾತು ಕೇಳಿದ ಮೇಲೆ, ಹಬ್ಬ ಇರಬೇಕಾದ ಜಾಗ ಅದೇ ಅನಿಸುತ್ತಿದೆ.

ಅಕ್ಕನಿಗೆ ನಾನು ಉಪದೇಶ ಮಾಡಲಿಲ್ಲ. ಮರಿಯಳ ಕಥೆ ಹೇಳಿದೆ. ಯೇಸು ಎದುರಿಗೇ ಬಂದರೂ ಅವಳು ತೋಟದವನು ಅಂದುಕೊಂಡಳು. "ಮರಿಯಳೇ" ಅಂತ ಹೆಸರು ಹಿಡಿದು ಕರೆದಾಗಲೇ ಗುರುತು ಹತ್ತಿದ್ದು.

"ಹೆಸರು ಹಿಡದು ಕರದ್ನಾ?" ಅಕ್ಕ ಮೊಟ್ಟೆಯನ್ನು ಮುರಿದು ಅರ್ಧ ನನ್ನ ಕೈಗಿಟ್ಟರು. "ನಮ್ಮವರು ಒಂದಿನಾನೂ ನನ್ನ ಹೆಸರು ಹಿಡದು ಕರೀಲಿಲ್ಲ. 'ಕೇಳ್ತೀಯೇನ' ಅಂತಿದ್ರು. ಇಷ್ಟ ವರ್ಷಾನೂ ಅದ ನನ್ನ ಹೆಸರಾತು." ನಕ್ಕರು. ಕಣ್ಣು ತುಂಬಿತ್ತು, ಆದರೂ ನಕ್ಕರು. ಆಮೇಲೆ ಕತ್ತಲಾಗುವವರೆಗೂ ಯಜಮಾನರ ವಿಷಯವೇ. ಬೊರಿವಲಿಯಿಂದ ಚರ್ಚ್‌ಗೇಟ್‌ಗೆ ಹೋಗುವ ಟ್ರೇನ್‌ನಲ್ಲಿ ಅವರ ಭಜನೆ ಗುಂಪು, ಅವರ ಕೋಪ, ರೊಟ್ಟಿ ಜೊತೆ ಶೇಂಗಾ ಚಟ್ನಿ ಇರಲೇಬೇಕೆಂಬ ಹಟ. ಮಾತಾಡಲು ಅವರಿಗೆ ಒಬ್ಬರು ಬೇಕಾಗಿತ್ತು. ಯಾರೂ ಬಂದಿರಲಿಲ್ಲ.

ಈಸ್ಟರ್ ಒಂದೇ ಭಾನುವಾರಕ್ಕೆ ಮುಗಿಯುವುದಿಲ್ಲ, ಪವಿತ್ರಾತ್ಮ ಇಳಿದು ಬಂದದ್ದನ್ನು ನೆನೆಯುವ ಪೆಂತೆಕೊಸ್ತ ಹಬ್ಬದವರೆಗೆ 50 ದಿನ ಇರುತ್ತದೆ. ಈ ಭಾನುವಾರ ಮತ್ತೆ ಹೋಗುತ್ತೇನೆ. ಪಕ್ಕದ ಮನೆಯವರನ್ನೂ ಕರೆದಿದ್ದೇನೆ. ಮೊದಲು ಹಿಂದೆಮುಂದೆ ನೋಡಿದರು. ನಿನ್ನೆ ಸಂಜೆ ಬಂದು, ಶೇಂಗಾ ಚಟ್ನಿ ತಾನೇ ಮಾಡಿ ತರುತ್ತೇನೆ ಅಂದಿದ್ದಾರೆ.